ನಾಲ್ಕನೆಯ ಮುದ್ದೆ

ಒನಕೆ ಮೇಲೇಳುವ ಗಳಿಗೆ ನೋಡಿಕೊಂಡು ಪೊಕುವಾ ಒರಳಿಗೆ ಕೈಹಾಕಿ ಹಿಟ್ಟನ್ನು ಮಗುಚಿದಳು. ಒನಕೆ ಬೀಳುವಷ್ಟರಲ್ಲಿ ಕೈ ಆಚೆಗಿತ್ತು. ಇನ್ನು ನಾಲ್ಕು ಪೆಟ್ಟಿಗೆ ಮರಗೆಣಸೂ ಬಾಳೆಕಾಯಿಯೂ ಬೆರೆತು ನುಣ್ಣಗಾದವು. “ಸಾಕು” ಅಂದಳು. ಮಗಳು ಸೆರ್ವಾ ಒನಕೆಯನ್ನು ಗೋಡೆಗೆ ಒರಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಂತೆ ತಾಯಿ ಅಂಗೈ ನೀರಿಗದ್ದಿ ಫುಫು ಕಟ್ಟತೊಡಗಿದಳು. ಅಣ್ಣನಿಗೊಂದು ಮುದ್ದೆ. ಮಗಳಿಗೊಂದು. ತನಗೊಂದು. ಆಮೇಲೆ ಒರಳಿನ ತಳ ಬಳಿದು, ಉಳಿದದ್ದನ್ನೆಲ್ಲ ಅಣ್ಣನ ಮುದ್ದೆಗೇ ಸೇರಿಸಿ ಕೈ ತೊಳೆದುಕೊಂಡಳು.

“ಅಪ್ಪನಿಗೆ?” ಸೆರ್ವಾ ಕೇಳಿದಳು. ಬಟ್ಟಲು ಹೊರುವ ಸಿಂಬೆಯನ್ನು ಆಗಲೇ ಸುತ್ತಿ ತಲೆಗಿಟ್ಟುಕೊಂಡಿದ್ದಳು.

“ಸಿಂಬೆ ತೆಗೆದಿಡು. ಇವತ್ತು ಹೋಗೋದು ಬೇಡ.”

“ಯಾಕೆ, ಹುಷಾರಿಲ್ವಾ?”

“ಚೆನ್ನಾಗಿದಾನೆ.”

“ಮತ್ತೆ?”

“ಮತ್ತೆ ಏನಿಲ್ಲ. ಸಾರು ಆರಿಹೋಗತ್ತೆ, ಉಣ್ಣು.”

ಅಂಗಳದಲ್ಲಿ ರೇಡಿಯೊ ಕೇಳುತ್ತ ಕೂತಿದ್ದ ಅಣ್ಣ ಬಾದು ತನ್ನ ಬಟ್ಟಲು ನೋಡಿ ಹುಬ್ಬೇರಿಸಿದ. “ಇದೇನು, ನನಗೆ ಎರಡಾಳಿನ ಊಟ? ನಿನ್ನೆ ಎಲೆಕ್ಷನ್ ಗೆದ್ದೋನು ನಾನಾ?”

ಪೊಕುವಾ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು.

ಅನ್ಯಿನಾಸೆ ಊರಲ್ಲಿ ಹಳೇ ಕಾಲದವರ ಪೈಕಿ ಗಂಡ ಇರುವುದು ಅವನ ತಾಯಿಮನೆಯಲ್ಲಿ, ಹೆಂಡತಿ ಇರುವುದು ಅವಳ ತಾಯಿಮನೆಯಲ್ಲಿ. ಸಂಜೆ ಹೊತ್ತು ನಡುವೆ ಓಡಾಡುವ ಬಟ್ಟಲೇ ಸಂಸಾರ. ಪೊಕುವಾಳ ಒಲೆಯಿಂದ ಮೆಥಡಿಸ್ಟ್ ಶಾಲೆಯ ಆಚೆಗೆ ಗಂಡ ಅಂಟ್ವಿ ಆಚಾರಿಯ ಮನೆಗೆ ಮೂವತ್ತೊಂದು ವರ್ಷ ಒಂದು ದಿನ ತಪ್ಪದೆ ಬಟ್ಟಲು ಹೋಗಿತ್ತು. ಸೆರ್ವಾ ಹುಟ್ಟಿದ ದಿನ ಕೂಡ ಅಕ್ಕಪಕ್ಕದವರು ಒಯ್ದುಕೊಟ್ಟಿದ್ದರು. ಮೊದಲು ಪೊಕುವಾಳ ತಂಗಿಯರು ಹೊತ್ತರು, ಆಮೇಲೆ ಸೆರ್ವಾ ಹೊತ್ತಳು. ಈಗ ಇಪ್ಪತ್ತೆಂಟು ತುಂಬಿ, ಜಗಲಿಯಲ್ಲಿ ಹೊಲಿಗೆ ಮಷಿನ್ ಇಟ್ಟು, ಊರ ಹೆಂಗಸರ ರವಿಕೆಗಳ ಅಳತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡ ಮೇಲೂ ಅವಳೇ ಹೊರುತ್ತಿದ್ದಳು.

ಹಿಂದಿನ ದಿನ ಡೋಲು ಗುರುತಿನ ಪಕ್ಷ ದೇಶದ ಅಧ್ಯಕ್ಷಗಿರಿಗೆ ತನ್ನ ಅಭ್ಯರ್ಥಿಯನ್ನು ಆರಿಸಿತ್ತು. ಕೋರ್ಟು ಕೇಸಿನಿಂದ ಎಂಟು ತಿಂಗಳು ತಡವಾಗಿ, ಸಾರ್ವತ್ರಿಕ ಚುನಾವಣೆಗೆ ಹತ್ತೇ ವಾರ ಉಳಿದಾಗ ಆದ ಆಯ್ಕೆ ಅದು. ಕಣದಲ್ಲಿ ಇಬ್ಬರು, ಮೇಡಂ ಅಫ್ರಿಯೆ ಮತ್ತು ಡಾಕ್ಟರ್ ಅಸಾರೆ. ಡಾಕ್ಟರ ಕಡೆಯವರು ಮೇಡಂ ಬೆಂಬಲಿಗರನ್ನು ‘ಒಲೆ ಊದೋರ ಸಂಘ’ ಅಂದರು. ಮೇಡಂ ಕಡೆಯವರು ಅವನನ್ನು ‘ರೋಗಿ ಮುಖ ನೋಡದ ಡಾಕ್ಟರ್’ ಅಂದರು, ಅವನದು ಪುಸ್ತಕ ಬರೆದು ಬಂದ ಡಾಕ್ಟರಿಕೆ. ಮತಗಟ್ಟೆಗೆ ಐವರಂತೆ ಪಕ್ಷದ ಪದಾಧಿಕಾರಿಗಳು ಮಾತ್ರ ಹೆಬ್ಬೆಟ್ಟು ಒತ್ತಿ ಓಟು ಹಾಕಬೇಕು. ಅನ್ಯಿನಾಸೆ ಶಾಲೆ ಮತಗಟ್ಟೆಯ ಐವರಲ್ಲಿ ಅಂಟ್ವಿ ಅಧ್ಯಕ್ಷ, ಪೊಕುವಾ ಹದಿನಾರು ವರ್ಷದಿಂದ ಮಹಿಳಾ ಸಂಚಾಲಕಿ. ಐದೂ ಮತ ಮೇಡಂಗೆ ಅಂತ ಐವರೂ ಮಾತು ಕೊಟ್ಟಿದ್ದರು. ಕ್ಷೇತ್ರದಲ್ಲಿ ಮೇಡಂ ಒಂಬತ್ತು ಮತಗಳಿಂದ ಸೋತಳು, ದೇಶದಲ್ಲೂ ಕೂದಲೆಳೆಯಲ್ಲಿ ಸೋತಳು.

ವಾಪಸ್ ಬರುವ ವ್ಯಾನಿನಲ್ಲಿ ಪೊಕುವಾ ಕಣ್ಣೊರೆಸಿಕೊಂಡಾಗ ಅಂಟ್ವಿ ಅವಳ ಕೈ ಹಿಡಿದು, “ನಮ್ಮ ಕೈಲಾದದ್ದು ಮಾಡಿದ್ವಿ ಪೊಕುವಾ. ನಾನು ಒತ್ತಿದ್ದು ಮೇಡಂಗೇ” ಅಂದಿದ್ದ.

ಇವತ್ತು ಬೆಳಿಗ್ಗೆ ಪಕ್ಷದ ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರ ಕಡೆಯ ಯಾವನೋ ಹುಡುಗ ಮೆರೆಯಲೆಂದು ಹದಿನಾಲ್ಕು ಫೋಟೊ ಹಾಕಿದ್ದ. ‘ಮೇಡಂ ಕೋಟೆಯಲ್ಲಿ ಡಾಕ್ಟರಿಗೆ ಬಿದ್ದ ಮತಗಳು’ ಅಂತ ಮೇಲೆ ಬರೆದಿತ್ತು. ಯಾರ ಮುಖವೂ ಇಲ್ಲ, ಹೆಸರೂ ಇಲ್ಲ. ಮತಪತ್ರ, ಡಾಕ್ಟರ ಚಿತ್ರ, ಪಕ್ಕದಲ್ಲಿ ಮಸಿಯ ಹೆಬ್ಬೆಟ್ಟು. ಓಟು ಹಾಕುವಾಗ ಪುರಾವೆಗೆಂದು ಕದ್ದು ತೆಗೆದವು. ಒಂಬತ್ತನೆಯ ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ.

ಮದುವೆಗೆ ಎರಡು ವರ್ಷ ಮುಂಚೆ ಅಂಟ್ವಿಯ ಉಳಿ ಜಾರಿ ಹೆಬ್ಬೆರಳು ಸೀಳಿದಾಗ, ಉಟ್ಟ ಬಟ್ಟೆಯ ಅಂಚು ಹರಿದು ಕಟ್ಟಿದವಳು ಪೊಕುವಾ. ಆ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಫೋಟೊವನ್ನು ದೊಡ್ಡದು ಮಾಡಿ ನೋಡಿದಳು, ಚಿಕ್ಕದು ಮಾಡಿ ನೋಡಿದಳು. ಫೋನು ಆರಿಸಿ ಅಕ್ಕಿಡಬ್ಬದ ಮೇಲಿಟ್ಟಳು. ಯಾರಿಗೂ ಹೇಳಲಿಲ್ಲ.

ನಾಲ್ಕನೇ ದಿನ ಅಂಟ್ವಿ ತಾನೇ ಬಂದ. ಕೈಯಲ್ಲಿ ಸುತ್ತಿಗೆ ಇತ್ತು.

“ನಿಮ್ಮ ಬಚ್ಚಲ ಬಾಗಿಲು ಕೂಗ್ತಾ ಇತ್ತಲ್ಲ” ಅಂದ.

“ಅದು ಹೋದ ವರ್ಷ ಕೂಗ್ತಿತ್ತು. ಈಗ ಅಭ್ಯಾಸ ಆಗಿದೆ” ಅಂದಳು ಪೊಕುವಾ. ಕೆಸುವಿನ ಸೊಪ್ಪು ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

ಅಂಟ್ವಿ ಬಾಗಿಲ ಕೀಲಿಗೆ ಎರಡು ಏಟು ಹಾಕಿದ, ಬಂದು ಮೋಡದ ಕಡೆ ನೋಡಿದ, ಕೊನೆಗೆ ಅಡುಗೆಯ ಮಾಡಿನ ಹೊರಗಿದ್ದ ಮಣೆಯ ಮೇಲೆ ಕೂತ. “ನಾಲ್ಕು ದಿನ ಆಯ್ತು.”

“ಹೌದಾ? ನಾನು ಎಣಿಸಿಲ್ಲ.”

“ಹೊಟ್ಟೆ ಎಣಿಸತ್ತೆ. ಮೇಡಂ ಸೋತಳು ಅಂತ ನನ್ನ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿದ್ರೆ ಅವಳು ಗೆದ್ದುಬಿಡ್ತಾಳಾ? ನಾನೂ ಸೋತೋನೇ ಅಲ್ವಾ?”

ಪೊಕುವಾ ಕತ್ತಿ ಕೆಳಗಿಟ್ಟಳು. “ನೀನು ಯಾರಿಗೆ ಒತ್ತಿದೆ, ಸೆರ್ವಾ ಅಪ್ಪ?”

“ಹೇಳಿದ್ನಲ್ಲ.”

“ಇನ್ನೊಂದು ಸಲ ಹೇಳು.”

“ಮೇಡಂಗೆ” ಅಂದ ಅಂಟ್ವಿ. ಸುತ್ತಿಗೆಯ ಹಿಡಿಯನ್ನು ಉಗುರಿನಿಂದ ಕೆರೆಯುತ್ತಿದ್ದ.

“ಸರಿ” ಅಂದಳು. ಸೊಪ್ಪು ಹೆಚ್ಚುವುದನ್ನು ಮುಂದುವರಿಸಿದಳು. ಅವನು ಸುತ್ತಿಗೆ ಎತ್ತಿಕೊಂಡು ಎದ್ದುಹೋದ. ಅವನು ಶಾಲೆಯ ತಿರುವು ದಾಟುವುದನ್ನೇ ಕಾಯುತ್ತಿದ್ದ ಸೆರ್ವಾ ಮಷಿನ್ ಬಿಟ್ಟು ಒಳಗೆ ಬಂದಳು.

“ಅಮ್ಮ, ಆ ಮೇಡಂಗೆ ನೀನು ಯಾರು ಅಂತನಾದ್ರೂ ಗೊತ್ತಾ? ನಾಳೆ ನಿನಗೆ ಜ್ವರ ಬಂದ್ರೆ ಅವಳು ಬಂದು ಗಂಜಿ ಕಾಸ್ತಾಳಾ?”

“ಇಲ್ಲ.”

“ಮತ್ತೆ ಅಪ್ಪ ಏನು ಮಾಡಿದಾನೆ ಅಂತ?”

“ಅವನನ್ನೇ ಕೇಳು.”

“ಅವನನ್ನ ಕೇಳಿದ್ರೆ ಅಮ್ಮನ್ನ ಕೇಳು ಅಂತಾನೆ. ನಾನು ಶಾಲೆ ಮುಂದೆ ಹೋಗೋವಾಗ ಎಲ್ಲ ನನ್ನ ತಲೆ ನೋಡ್ತಾರೆ. ಬರೀ ತಲೆ. ಬಟ್ಟಲಿಲ್ಲ. ನಿನ್ನೆ ಒಬ್ಬಳು ರವಿಕೆ ಅಳತೆ ಕೊಡೋಕೆ ಬಂದು ನಿಮ್ಮನೇಲಿ ಯಾರು ಯಾರನ್ನ ಬಿಟ್ರು ಅಂತ ಕೇಳಿದಳು. ಅವಳ ಎದೆ ಅಳತೆ ಎರಡು ಇಂಚು ಕಮ್ಮಿ ಬರ್ಕೊಂಡಿದೀನಿ. ಉಸಿರು ಕಟ್ಟಲಿ.”

ಪೊಕುವಾಗೆ ನಗು ಬಂತು. ಆದರೆ ಬಟ್ಟಲು ಹೋಗಲಿಲ್ಲ.

ಎರಡನೆಯ ವಾರದ ಹೊತ್ತಿಗೆ ಅಂಟ್ವಿ ತನ್ನ ಅಕ್ಕ ಅದ್ವೊವಾಳ ಕೈಯಡುಗೆ ಉಣ್ಣುತ್ತಿದ್ದ. ಅದ್ವೊವಾ ಒಳ್ಳೆಯ ಹೆಂಗಸು. ಚರ್ಚಿನಲ್ಲಿ ಅವಳಷ್ಟು ಚೆನ್ನಾಗಿ ಹಾಡುವವರಿಲ್ಲ. ಅಡುಗೆಗೂ ಅವಳಿಗೂ ಆಗಿಬರುತ್ತಿರಲಿಲ್ಲ. ಅವಳ ತಾಳೆಹಣ್ಣಿನ ಸಾರಿನಲ್ಲಿ ಎಣ್ಣೆ ಒಂದು ಕಡೆ, ನೀರು ಒಂದು ಕಡೆ. ಸೆರ್ವಾ ಹೋಗಿ ನೋಡಿಬಂದು ವರದಿ ಒಪ್ಪಿಸಿದಳು. “ಅಪ್ಪನ ಕಾಲರ್ ಮೂಳೆ ಎದ್ದಿದೆ. ನಿನ್ನೆ ಬಸ್ ಸ್ಟ್ಯಾಂಡ್ ಹತ್ರ ಹುಳಿ ಜೋಳದ ಕಡುಬು ಕೊಂಡು, ಸುತ್ತ ನೋಡ್ಕೊಂಡು ನಿಂತೇ ತಿಂದನಂತೆ. ಅರವತ್ತೆಂಟು ವರ್ಷದ ಗಂಡಸು, ಮದುವೆಯಾದೋನು, ಬೀದೀಲಿ ನಿಂತು.”

ಅಂದು ಸಂಜೆ ಬಾದು ರೇಡಿಯೊ ಆರಿಸಿದ. ಮಾತಿದೆ ಅನ್ನೋದಕ್ಕೆ ಮನೆಯವರಿಗೆ ಅದೇ ಸೂಚನೆ.

“ತಂಗಿ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನೀನು ಉಣ್ಣೋಕೇ ಬಿಡ್ತಿಲ್ಲ. ಜಗಳ ಮುಗಿಯೋದು ಹೇಗೆ?”

“ಮುಗಿಯೋವಾಗ ಮುಗಿಯತ್ತೆ, ಅಣ್ಣ.”

“ಹಾಗಲ್ಲ ಅದು. ಅವನ ಕಡೆಯೋರು ಈ ಮನೆಗೆ ಮದುವೆ ಮದ್ಯ ತಂದು, ಅದನ್ನ ನಮ್ಮ ಹಿರಿಯರು ಕುಡಿದಿದಾರೆ. ನೀನು ಊಟ ಕಳಿಸಲ್ಲ ಅಂದ್ರೆ ಆ ಮದ್ಯ ವಾಪಸ್ ಕೊಡಬೇಕು. ಅದು ಮರ್ಯಾದೆ. ಮುಂದಿನ ಅದಾಯ್ ಭಾನುವಾರದ ತನಕ ಕಾಯ್ತೀನಿ. ಅವತ್ತು ಹಿರಿಯರ ಪೂಜೆ ಆದ ಮೇಲೆ ಅವನ ಮನೆಯೋರನ್ನ ಕರೆಸಿ, ಬಾಟಲಿ ಇಟ್ಟು, ಬಿಡುಗಡೆ ಮಾಡಿಬಿಡ್ತೀನಿ.”

“ಮಾವ,” ಅಂದಳು ಸೆರ್ವಾ, “ಒಂದು ಎಲೆಕ್ಷನ್ ಸೋತದ್ದಕ್ಕೆ ಯಾರಾದ್ರೂ ಮದುವೆ ಬಿಡಿಸ್ತಾರಾ?”

“ನಾನು ಬಿಡಿಸ್ತಿಲ್ಲಮ್ಮ. ನಿಮ್ಮಮ್ಮನ ಒಲೆ ಬಿಡಿಸ್ತಿದೆ.”

ಪೊಕುವಾ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ನೋಡಿದಳು. ಅದಾಯ್ ಭಾನುವಾರಕ್ಕೆ ಇನ್ನು ನಾಲ್ಕು ವಾರ. ‘ಆ ಬೆರಳು ಅವನದೇ’ ಅಂತ ಒಂದು ಮಾತು ಬಾಯಿಬಿಟ್ಟರೆ ಅಣ್ಣನೂ ಮಗಳೂ ತನ್ನ ಕಡೆಗೆ ಆಗುತ್ತಾರೆ. ಆದರೆ ಆ ಮಾತು ಸಂಜೆಯೊಳಗೆ ಸಂತೆ ಮುಟ್ಟುತ್ತದೆ, ಅಂಟ್ವಿ ಈ ಊರಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಅವನೇ ಹೇಳಲಿ. ತನಗೆ ಹೇಳಲಿ. ಅಷ್ಟು ಸಾಕಿತ್ತು ಅವಳಿಗೆ.

“ಆಗಲಿ” ಅಂದಳು ಅಣ್ಣನಿಗೆ. ಅಂದು ರಾತ್ರಿ ಅವಳ ಬಟ್ಟಲಲ್ಲಿ ಅರ್ಧ ಮುದ್ದೆ ಉಳಿಯಿತು.

ಅಷ್ಟರಲ್ಲಿ ಪಕ್ಷದ ಜಗಳ ಅವಳ ಅಂಗಳಕ್ಕೇ ಬಂತು. ಮೇಡಂ ಕಡೆಯ ಹೆಂಗಸರು ಇಪ್ಪತ್ತು ಜನ ಬಂದು ಕೂತರು. ಎಲ್ಲರಿಗಿಂತ ಹಿರಿಯಳು ಫ್ರೆಮಾಜ್ಜಿ. ಎಪ್ಪತ್ತೆಂಟರ ವಯಸ್ಸು, ಬಾಯಲ್ಲಿ ಮೂರು ಹಲ್ಲು, ಮೂರೂ ಹರಿತ.

“ನಮ್ಮನ್ನ ಒಲೆ ಊದೋರು ಅಂದ್ರು. ಒಂದು ಕ್ಷಮೆ ಇಲ್ಲ, ಒಂದು ಮಾತಿಲ್ಲ. ಈಗ ಬಂದು ಡಾಕ್ಟರಿಗೆ ಹಾಕಿ ಅಂದ್ರೆ? ನಾನು ಏಣಿಗೆ ಹಾಕ್ತೀನಿ” ಅಂದಳು. ಏಣಿ ಎದುರು ಪಕ್ಷದ ಗುರುತು.

“ಏಣಿಗೆ? ನಿಮ್ಮ ಗಂಡ ಗೋರಿಯಿಂದ ಎದ್ದು ಬರ್ತಾನೆ” ಅಂದಳು ಒಬ್ಬಳು.

“ಬರಲಿ. ಒನಕೆ ಹಿಡಿಯೋಕೆ ಒಬ್ಬ ಆಳು ಬೇಕಾಗಿತ್ತು.”

ಅಂತೂ ಹೆಚ್ಚಿನವರು ಲಂಗ-ರವಿಕೆ ಓಟಿಗೆ ಒಪ್ಪಿದರು. ಅಂದರೆ ಪಾರ್ಲಿಮೆಂಟಿಗೆ ತಮ್ಮ ಡೋಲು, ಅಧ್ಯಕ್ಷಗಿರಿಗೆ ಪರರ ಏಣಿ. ಲಂಗ ಒಂದು ಬಣ್ಣ, ರವಿಕೆ ಒಂದು ಬಣ್ಣ.

“ಒಂದೇ ಬಣ್ಣದಲ್ಲಿ ಹೊಲಿಸಿದ್ರೆ ನನಗೆ ಬಟ್ಟೆ ಉಳಿಯತ್ತೆ” ಅಂದಳು ಸೆರ್ವಾ ಮಷಿನ್ ತುಳಿಯುತ್ತ.

“ನೀನು ಸುಮ್ನೆ ಹೊಲಿ. ಪೊಕುವಾ, ನಿನ್ನ ಮಾತೇನು?”

ಚುನಾವಣೆ ದಿನ ಮನೆಮನೆಗೆ ಹೋಗಿ ಮುದುಕಿಯರನ್ನು ಎಬ್ಬಿಸಿ, ಗಂಜಿ ಕುಡಿಸಿ, ಕೈಹಿಡಿದು ಮತಗಟ್ಟೆಗೆ ಕರೆತರುತ್ತಿದ್ದವಳು ಪೊಕುವಾ. ಅವಳು ಮನೆಯಲ್ಲಿ ಕೂತರೆ ಡೋಲಿಗೆ ಅರವತ್ತು ಮತ ಕಮ್ಮಿ. ಇದು ಊರಿಗೇ ಗೊತ್ತು.

“ನಾನು ಈ ಸಲ ಯಾರನ್ನೂ ಎಬ್ಬಿಸಲ್ಲ. ಅವರವರ ಕಾಲು ಅವರವರಿಗಿದೆ” ಅಂದಳು.

ಅದಕ್ಕೆಲ್ಲ ತಲೆಯಾಡಿಸಿ, ಎದ್ದು ಹೋಗುವ ಮುಂಚೆ ಫ್ರೆಮಾಜ್ಜಿ ಮಾತೊಂದು ಎತ್ತಿದಳು. “ಆ ಫೋಟೊ ನೋಡಿದ್ರಲ್ಲ, ಗೆರೆ ಇರೋ ಹೆಬ್ಬೆಟ್ಟು? ಬೊಟೆಮಾ ಟೀಚರ್ ಹೆಬ್ಬೆರಳಿಗೆ ಅವತ್ತು ಪ್ಲಾಸ್ಟರ್ ಇತ್ತು. ಬಾಳೆಕಾಯಿ ಸುಲಿಯೋವಾಗ ಕುಯ್ದುಕೊಂಡೆ ಅಂದಳು. ಈಗ ಹೊಸ ಫೋನ್ ಬೇರೆ ತಗೊಂಡಿದಾಳೆ.”

ಬೊಟೆಮಾ ಮತಗಟ್ಟೆಯ ಕಾರ್ಯದರ್ಶಿ, ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರ್. ಪೊಕುವಾಗೆ ವಾಟ್ಸಾಪ್ ಕಲಿಸಿದವಳೇ ಅವಳು.

“ಬೊಟೆಮಾ ಅಲ್ಲ” ಅಂದಳು ಪೊಕುವಾ.

“ನಿನಗೆ ಹೇಗೆ ಗೊತ್ತು?”

“ಅಲ್ಲ ಅಂದ್ನಲ್ಲ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆಳತಿ ಗೆಳತಿಯನ್ನು ಬಿಟ್ಟುಕೊಡುವುದಿಲ್ಲ ಅಂತ ಅಂದುಕೊಂಡು ಹೋದರು.

ಮೂರನೆಯ ವಾರ, ನಾಲ್ಕನೆಯ ವಾರ, ಐದನೆಯ ವಾರವೂ ಕಳೆಯಿತು. ಬೊಟೆಮಾಗೆ ಸಂತೆಯಲ್ಲಿ ಮೀನು ಮಾರುವವಳು ಮೀನು ಕೊಡಲಿಲ್ಲ. ಶಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಯಾರೋ ಹೆಬ್ಬೆರಳೊಂದನ್ನು ಬರೆದರು. ಬೊಟೆಮಾ ಒಂದು ಸಂಜೆ ಪೊಕುವಾಳ ಅಡುಗೆಯ ಮಾಡಿನಲ್ಲಿ ಕೂತು ಅತ್ತಳು. “ಅಮ್ಮ, ಆಣೆಗೂ ನಾನಲ್ಲ. ಬಾಳೆಕಾಯಿಯೇ ಕುಯ್ದದ್ದು” ಅಂದಳು.

“ಗೊತ್ತು.”

“ನೀವೊಬ್ಬರೇ ನಂಬೋದು.”

ಪೊಕುವಾ ಅವಳಿಗೆ ಸಾರು ಬಡಿಸಿದಳು. ತನಗೆ ಬಡಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತಾನೇ ಅಂಟ್ವಿಯ ಮರಗೆಲಸದ ಕಾರ್ಖಾನೆಗೆ ಹೋದಳು. ಅವನು ಶಾಲೆಯ ಬೆಂಚಿಗೆ ಕಾಲು ಕೂರಿಸುತ್ತಿದ್ದ. ಅವಳನ್ನು ಕಂಡು ಎದ್ದುನಿಂತ. ಅಂಗಿ ಮೈಮೇಲೆ ತೂಗುತ್ತಿತ್ತು.

“ಬೊಟೆಮಾ ಮೇಲೆ ಏನು ಹೊರಿಸ್ತಿದಾರೆ ಗೊತ್ತಾ?”

“ಕೇಳಿದೆ” ಅಂದ.

“ನೀನು ಮತಗಟ್ಟೆ ಅಧ್ಯಕ್ಷ. ಏನು ಮಾಡ್ತೀಯ?”

“ಶನಿವಾರ ಕ್ಷೇತ್ರದೋರು ಬಂದು ಒಗ್ಗಟ್ಟಿನ ಸಭೆ ಮಾಡ್ತಾರೆ. ಅಲ್ಲಿ ಎಲ್ಲ ಸರಿಹೋಗತ್ತೆ.”

“ತಾನಾಗೇ?”

ಅವನು ಬೆಂಚಿನ ಕಾಲು ಅಲುಗಾಡಿಸಿ ನೋಡಿದ. ಅವಳು ತಿರುಗಿ ಹೊರಟಳು.

ಶನಿವಾರ ಶಾಲೆಯ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿ ಸಾಲದೆ ಜನ ಕಿಟಕಿಯಲ್ಲೂ ಕೂತರು. ಮಾರನೇ ದಿನವೇ ಅದಾಯ್ ಭಾನುವಾರ. ಬಾದು ಆಗಲೇ ಮದ್ಯದ ಬಾಟಲಿಗಳನ್ನು ತಂದು ಮಂಚದಡಿ ಇಟ್ಟಿದ್ದ. ಕ್ಷೇತ್ರದ ಪಕ್ಷಾಧ್ಯಕ್ಷ ದೊಡ್ಡ ಕಾರಿನಲ್ಲಿ ಬಂದ. ಪ್ರಾರ್ಥನೆ ಆಯಿತು, ಆಮೇಲೆ ಅವನ ಭಾಷಣ. “ಒಂದೇ ಕಡ್ಡಿ ಮುರೀಬಹುದು, ಪೊರಕೆ ಮುರಿಯೋಕಾಗಲ್ಲ...”

“ಪೊರಕೆ ಹಿಡಿಯೋರು ನಾವೇ, ನಮಗೆ ಗೊತ್ತು” ಫ್ರೆಮಾಜ್ಜಿ ಕೂತಲ್ಲಿಂದಲೇ ಅಂದಳು. “ಒಲೆ ಊದೋರು ಅಂದಿದ್ದಕ್ಕೆ ಮೊದಲು ಮಾತಾಡು, ಮಗನೇ.”

ಪಕ್ಷಾಧ್ಯಕ್ಷ ಕರವಸ್ತ್ರ ತೆಗೆದ. “ಅದು ತಪ್ಪು, ಅಜ್ಜಿ. ನಮ್ಮ ಹುಡುಗರು ಆಡಬಾರದಿತ್ತು. ಕ್ಷೇತ್ರದ ಪರವಾಗಿ ನಾನು ತಲೆತಗ್ಗಿಸಿ ಕ್ಷಮೆ ಕೇಳ್ತೀನಿ.”

ಸಭೆಯಲ್ಲಿ ಗುಸುಗುಸು ಎದ್ದು ಇಳಿಯಿತು. ಇಷ್ಟು ಸುಲಭಕ್ಕೆ ಸಿಕ್ಕೀತು ಅಂತ ಯಾರೂ ಅಂದುಕೊಂಡಿರಲಿಲ್ಲ.

“ಸರಿ,” ಅಂದಳು ಫ್ರೆಮಾಜ್ಜಿ, “ಹೊರಗಿನ ಲೆಕ್ಕ ಮುಗೀತು. ಇನ್ನು ಒಳಗಿನದು. ಈ ಮತಗಟ್ಟೆಯ ಐವರಲ್ಲಿ ಒಬ್ಬರು ನಮ್ಮ ಜೊತೆ ಆಣೆ ಮಾಡಿ ಹೋಗಿ ಬೇರೆ ಕಡೆ ಒತ್ತಿದಾರೆ. ಡಾಕ್ಟರಿಗೆ ಹಾಕಿದ್ದು ತಪ್ಪಲ್ಲ, ಬೇಕಾದೋರು ಹಾಕಲಿ. ನಮ್ಮ ಮುಖ ನೋಡಿ ಸುಳ್ಳು ಹೇಳಿದ್ದು ತಪ್ಪು. ಬೊಟೆಮಾ, ಎದ್ದು ಬಂದು ನಿನ್ನ ಹೆಬ್ಬೆರಳು ಮಸಿಗೆ ಅದ್ದಿ ಇಲ್ಲಿ ಒತ್ತು.”

ಯಾರೋ ಮಸಿ ಡಬ್ಬಿ ತಂದಿದ್ದರು, ಬಿಳಿ ಹಾಳೆಯನ್ನೂ ತಂದಿದ್ದರು. ಬೊಟೆಮಾ ಕುರ್ಚಿಯ ಅಂಚು ಹಿಡಿದು ಎದ್ದಳು. ಅವಳ ಬೆರಳಿನ ಗಾಯ ಮಾಗಿ ತೆಳ್ಳನೆಯ ಗೆರೆ ಉಳಿದಿತ್ತು. ಒತ್ತಿದರೆ ಗೆರೆ ಬೀಳುತ್ತದೆ. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಯಾರು ನೋಡುತ್ತಾರೆ?

ಪೊಕುವಾ ಎದ್ದು ನಿಂತಳು. “ತಡೀರಿ” ಅಂದಳು. ಇಡೀ ಸಭೆ ತಿರುಗಿತು. ವೇದಿಕೆಯ ಮೇಲೆ ಕೂತಿದ್ದ ಅಂಟ್ವಿಯೂ ತಿರುಗಿದ. ಅವಳು ಬೊಟೆಮಾಳನ್ನು ನೋಡುತ್ತಿರಲಿಲ್ಲ, ಫ್ರೆಮಾಜ್ಜಿಯನ್ನೂ ನೋಡುತ್ತಿರಲಿಲ್ಲ. ಅವನ ಬಲಗೈ ನೋಡುತ್ತಿದ್ದಳು.

ಅವಳು ಬಾಯಿ ತೆರೆಯುವ ಮೊದಲೇ ಅಂಟ್ವಿ ಎದ್ದ.

“ಟೀಚರ್, ನೀನು ಕೂತ್ಕೊಳಮ್ಮ” ಅಂದ. ಮೆಟ್ಟಿಲಿಳಿದು ಬಂದು ಹೆಬ್ಬೆರಳನ್ನು ಮಸಿಗೆ ಅದ್ದಿ ಹಾಳೆಯ ಮೇಲೆ ಒತ್ತಿದ, ಹಾಳೆಯನ್ನು ಫ್ರೆಮಾಜ್ಜಿಯ ಕೈಗೆ ಕೊಟ್ಟ. “ಆ ಬೆರಳು ನನ್ನದು. ಅಕ್ಕನ ಮಗ ಡಾಕ್ಟರ ಕಡೆ ಕೆಲಸ ಮಾಡ್ತಿದ್ದ. ಸೋದರಮಾವ ಆಗಿ ಇಷ್ಟೂ ಮಾಡಲ್ವಾ ಅಂದ. ಪುರಾವೆ ಬೇಕು ಅಂದ, ಅದನ್ನೂ ಕೊಟ್ಟೆ. ಸೋದರಳಿಯನಿಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಹೆಂಡತಿಗೆ ಹೌದು ಅನ್ನೋಕೂ ಬಾಯಿ ಬರಲಿಲ್ಲ. ಮಾತಿಗೆ ತಪ್ಪಿದೋನು ನಾನು. ಟೀಚರನ್ನ ಬಿಟ್ಟುಬಿಡಿ.”

ಅವನು ಪೊಕುವಾಳ ಕಡೆ ತಿರುಗಿದ. “ನಿನಗೆ ಮೊದಲ ದಿನದಿಂದ ಗೊತ್ತಿತ್ತು.”

“ಗೊತ್ತಿತ್ತು.”

“ಯಾರಿಗೂ ಹೇಳಲಿಲ್ಲ.”

“ನೀನು ಹೇಳ್ತೀಯ ಅಂತ ಕಾಯ್ತಿದ್ದೆ.”

ಫ್ರೆಮಾಜ್ಜಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. “ಅಂದ್ರೆ ಇವನು ಆರು ವಾರ ಅದ್ವೊವಾ ಕೈಯಿಂದ ಸಾರು ಕುಡಿದಿದಾನೆ?”

“ಹೌದಜ್ಜಿ” ಅಂದ ಅಂಟ್ವಿ.

“ದಿನಾ?”

“ದಿನಾ.”

“ಹಾಗಾದ್ರೆ ಈ ಸಭೆ ಕೊಡೋ ಶಿಕ್ಷೆ ಏನೂ ಉಳಿದಿಲ್ಲ” ಅಂದಳು ಫ್ರೆಮಾಜ್ಜಿ. ಮೊದಲು ನಕ್ಕವಳು ಅದ್ವೊವಾ, ಹಿಂದಿನ ಸಾಲಿನಲ್ಲಿ ಚರ್ಚಿನಲ್ಲಿ ಹಾಡುವ ಗಂಟಲಿನಲ್ಲಿ. ಆಮೇಲೆ ಕಿಟಕಿಯಲ್ಲಿದ್ದವರು, ಆಮೇಲೆ ಎಲ್ಲರೂ. ಬೊಟೆಮಾ ನಗುತ್ತ ಅಳುತ್ತಿದ್ದಳು. ಮೀನು ಮಾರುವವಳು ಎದ್ದುಹೋಗಿ ಅವಳ ಪಕ್ಕ ಕೂತು, “ಬಾ ನಾಳೆ, ಒಳ್ಳೇ ಮೀನು ತೆಗೆದಿಟ್ಟಿರ್ತೀನಿ” ಅಂದಳು. ಅಂಟ್ವಿ ಮತಗಟ್ಟೆಯ ಪಟ್ಟಿಯನ್ನು ಬೊಟೆಮಾಗೆ ಒಪ್ಪಿಸಿ, ಚುನಾವಣೆಯ ತನಕ ಅಧ್ಯಕ್ಷ ಕೆಲಸ ಅವಳೇ ನೋಡಿಕೊಳ್ಳಲಿ ಅಂದ. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ.

ಅಂದು ಸಂಜೆ ಅನ್ಯಿನಾಸೆಯ ಬೀದಿಯಲ್ಲಿ ಕೆಲಸವಿಲ್ಲದವರೂ ಕೆಲಸವಿದ್ದವರ ಹಾಗೆ ಹೊರಗೆ ನಿಂತಿದ್ದರು. ಪೊಕುವಾ ಒರಳಿನಿಂದ ಮೂರು ಮುದ್ದೆ ಕಟ್ಟಿದಳು. ಬಾದು ರೇಡಿಯೊದ ಮೇಲಿಂದ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. ನಾಲ್ಕನೆಯದು ಕಟ್ಟಿ, ಮಣ್ಣಿನ ಬಟ್ಟಲಿಗೆ ಇಳಿಸಿ, ಮೇಲೆ ಹೊಗೆಮೀನಿನ ಸಾರು ಹೊಯ್ದು, ಆಡಿನ ಮಾಂಸದ ಎರಡು ದೊಡ್ಡ ತುಂಡು ಹುಡುಕಿ ಹಾಕಿದಳು.

“ನನ್ನ ಮುದ್ದೆ ಯಾಕೋ ಸಣ್ಣಗಾಗಿದೆ” ಅಂದ ಬಾದು.

“ಆರು ವಾರದಲ್ಲಿ ನಿನ್ನ ಹೊಟ್ಟೆ ಎಷ್ಟಾಗಿದೆ ನೋಡ್ಕೋ, ಅಣ್ಣ.”

“ಮಂಚದಡಿ ಇರೋ ಬಾಟಲಿ ಏನು ಮಾಡಲಿ?”

“ನಾಳೆ ಪೂಜೆಗೆ ಹಿರಿಯರಿಗೆ ಹೊಯ್ಯಿ. ಉಳಿದದ್ದು ನೀನೇ ಕುಡಿ. ಬೇಸರ ಆಗಿದೆ ನಿನಗೆ.”

ಸೆರ್ವಾ ಬಟ್ಟಲು ಹೊತ್ತು ಹೊರಟಾಗ ಶಾಲೆಯ ತಿರುವಿನ ತನಕ ಜನ ದಾರಿ ಬಿಟ್ಟರು. ಎದೆ ಅಳತೆ ಕಮ್ಮಿ ಬರೆಸಿಕೊಂಡಿದ್ದ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಸೆರ್ವಾ ಅವಳನ್ನು ನೋಡಿ, “ನ್ಯಾಯವಾಗಿ ನಿಮ್ಮ ರವಿಕೆ ಸಡಿಲ ಮಾಡಬೇಕು ಅಕ್ಕ, ನಾಳೆ ತಗೊಂಬನ್ನಿ” ಅಂದಳು. ಸೆರ್ವಾ ವಾಪಸ್ ಬಂದಾಗ ಬಟ್ಟಲು ತೊಳೆದಷ್ಟು ಖಾಲಿಯಾಗಿತ್ತು.

“ಏನಂದ?” ಪೊಕುವಾ ಕೇಳಿದಳು.

“ಏನೂ ಅನ್ನಲಿಲ್ಲ. ಬಾಯಿ ಖಾಲಿ ಇರಲಿಲ್ಲ.”

ಡಿಸೆಂಬರ್ ಏಳಕ್ಕೆ, ಚುನಾವಣೆಯ ದಿನ, ಹರ್ಮಟಾನ್ ಒಣಗಾಳಿಯ ಧೂಳಿನಲ್ಲಿ ಪೊಕುವಾ ನಾಲ್ಕು ಗಂಟೆಗೇ ಎದ್ದಳು. ಮುದುಕಿಯರನ್ನು ಎಬ್ಬಿಸಿದಳು, ಗಂಜಿ ಕುಡಿಸಿದಳು, ಒಬ್ಬೊಬ್ಬರನ್ನೇ ಕೈಹಿಡಿದು ಸಾಲಿನಲ್ಲಿ ನಿಲ್ಲಿಸಿದಳು. ಯಾರಿಗೆ ಹಾಕಿ ಅಂತ ಒಬ್ಬರಿಗೂ ಹೇಳಲಿಲ್ಲ. ಫ್ರೆಮಾಜ್ಜಿ ಕೇಳಿದ್ದಕ್ಕೆ, “ನಿಮ್ಮ ಬೆರಳು, ನಿಮ್ಮ ಇಷ್ಟ” ಅಂದಳು. ಸಂಜೆ ಮಾವಿನ ಮರದಡಿ ಅಧಿಕಾರಿ ಒಂದೊಂದೇ ಮತಪತ್ರ ಎತ್ತಿ ಹಿಡಿದ ಹಾಗೆ ಜನ ಒಕ್ಕೊರಲಿನಲ್ಲಿ ಎಣಿಸಿದರು. ಪಾರ್ಲಿಮೆಂಟಿಗೆ ಡೋಲು ಇನ್ನೂರ ಅರವತ್ತೆಂಟು. ಅಧ್ಯಕ್ಷಗಿರಿಗೆ ಡೋಲು ಇನ್ನೂರ ಐವತ್ತೊಂದು. ಹದಿನೇಳು ಲಂಗ-ರವಿಕೆ. ಅಂಗಳದಲ್ಲಿ ಇಪ್ಪತ್ತು ಜನ ಕೂತು ಒಪ್ಪಿದ್ದಕ್ಕೆ ಊರೆಲ್ಲ ಏಣಿಗೆ ಹೋಗುತ್ತದೆ ಅಂತ ಹೆದರಿದ್ದ ಬೊಟೆಮಾ ಉಸಿರುಬಿಟ್ಟಳು. ಮೂರನೆಯ ದಿನ ರೇಡಿಯೊದಲ್ಲಿ ಡೋಲು ದೇಶ ಗೆದ್ದ ಸುದ್ದಿ ಬಂತು. ಬೀದಿಯಲ್ಲಿ ಪಾತ್ರೆ ಬಡಿದರು.

ಆ ಹದಿನೇಳರಲ್ಲಿ ಅಮ್ಮನದೂ ಒಂದಾ ಅಂತ ಸೆರ್ವಾ ಮೂರು ಸಲ ಕೇಳಿದಳು, ಬಾದು ಎರಡು ಸಲ ಕೇಳಿದ. ಅಂಟ್ವಿ ಒಂದು ಸಲವೂ ಕೇಳಲಿಲ್ಲ. ಪೊಕುವಾ ಅದನ್ನು ಗಮನಿಸಿದಳು.

ಮುಂದಿನ ಭಾನುವಾರ ಅವನು ಬಂದ. ಈ ಸಲ ಕೈಯಲ್ಲಿ ಸುತ್ತಿಗೆ ಇರಲಿಲ್ಲ, ಅಳತೆಯ ಟೇಪು ಇತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಮುಖ ತುಂಬಿಕೊಂಡಿತ್ತು. ಪೊಕುವಾ ಬದನೆಕಾಯಿ ಬೇಯಿಸುತ್ತಿದ್ದಳು. ಅವನು ಮಣೆ ಎಳೆದುಕೊಂಡು ಕೂತು, ಬಾದುವನ್ನೂ ಸೆರ್ವಾಳನ್ನೂ ಹತ್ತಿರ ಕರೆದ. ಅವರೂ ಕೇಳಲಿ ಅಂದ.

“ನಾನು ಯೋಚನೆ ಮಾಡಿದೀನಿ. ಕಾರ್ಖಾನೆ ಪಕ್ಕದ ಜಾಗ ನನ್ನ ಸ್ವಂತದ್ದು, ಮನೆಯೋರದಲ್ಲ. ಎರಡು ಕೋಣೆ ಹಾಕ್ತೀನಿ. ಅಡುಗೆಮನೆ ನಿನಗೆ ಬೇಕಾದ ಹಾಗೆ, ಹೊಗೆ ಆಚೆ ಹೋಗೋ ಹಾಗೆ. ಕಪಾಟು ನಾನೇ ಮಾಡ್ತೀನಿ, ಒಡಂ ಮರದ್ದು. ಇಷ್ಟು ಹೊಡೆದಾಡಿದ ಪಕ್ಷವೇ ಒಂದಾಯ್ತು. ನಾವೂ ಒಂದೇ ಸೂರಿನಡಿ ಇದ್ದುಬಿಡೋಣ. ಆಗ ಬಟ್ಟಲು ಹೋಯ್ತಾ ಬಂತಾ ಅಂತ ಊರು ನೋಡೋದು ತಪ್ಪತ್ತೆ. ಸೆರ್ವಾ ತಲೆಗೂ ಬಿಡುಗಡೆ.”

ಸೆರ್ವಾ ತಾಯಿಯ ಮುಖ ನೋಡಿದಳು. ಬಾದು ರೇಡಿಯೊದ ಸದ್ದು ತಗ್ಗಿಸಿದ.

“ಒಲೆ ಎಷ್ಟು ಎತ್ತರ ಇರಲಿ, ಹೇಳು” ಅಂದ ಅಂಟ್ವಿ ಟೇಪು ಬಿಚ್ಚುತ್ತ.

ಪೊಕುವಾ ಸೌಟಿನಲ್ಲಿ ಸಾರು ತೆಗೆದು ಅಂಗೈ ಮೇಲೆ ಬಿಟ್ಟು ಉಪ್ಪು ನೋಡಿದಳು. ಸರಿಯಾಗಿತ್ತು.

“ನಾನು ಬರಲ್ಲ” ಅಂದಳು. “ಬಟ್ಟಲು ದಿನಾ ಬರತ್ತೆ, ಆದ್ರೆ ಕಳಿಸೋದು ಬಿಡೋದು ನನ್ನ ಕೈಲೇ ಇರಲಿ.”